ಸ್ಲೋ ಕುಕರ್‌ನಲ್ಲಿ ಯೀಸ್ಟ್ ಬ್ರೆಡ್: ಮೇಲೆ ಬಿಳಿಚು, ಒಳಗೆ ಅಂಟಂಟು. ಎಲ್ಲಿ ಸರಿಮಾಡಬೇಕು?

ನೀಲಿಕೊಡೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಓವನ್ ಇಲ್ಲ, ತಂದರೂ ಇಡೋದಕ್ಕೆ ಜಾಗವಿಲ್ಲ. ಇರೋದು ಐದು ಲೀಟರಿನ ಮೊಟ್ಟೆಯಾಕಾರದ ಸ್ಲೋ ಕುಕರ್, ಅಂದ್ರೆ ಗಂಟೆಗಟ್ಟಲೆ ನಿಧಾನಕ್ಕೆ ಬೇಯಿಸೋ ಕರೆಂಟ್ ಪಾತ್ರೆ. ಒಳಗೆ ತೆಗೆದು ತೊಳೆಯುವಂಥ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಇದರಲ್ಲೇ ಒಳ್ಳೆ ಯೀಸ್ಟ್ ಬ್ರೆಡ್ ಮಾಡಿಕೊಳ್ಳಬೇಕು ಅನ್ನೋ ಆಸೆ.

ಈಗ ಆಗ್ತಿರೋದು ಹೀಗೆ. ಹಿಟ್ಟು ಚೆನ್ನಾಗೇ ಉಬ್ಬುತ್ತೆ. ಬೇಯಿಸಿ ತೆಗೆದಾಗ ತಳ ಮತ್ತು ಬದಿ ತಿಳಿಗಂದು ಬಣ್ಣಕ್ಕೆ ಬಂದಿರುತ್ತೆ. ಮೇಲ್ಭಾಗ ಮಾತ್ರ ಬಿಳಿಚಿಕೊಂಡು ಒದ್ದೆಯಾಗಿರುತ್ತೆ, ನಡುವೆ ತಗ್ಗು ಬಿದ್ದಿರುತ್ತೆ. ಕತ್ತರಿಸಿದರೆ ಚಾಕುವಿಗೆ ಮೆತ್ತಿಕೊಳ್ಳುತ್ತೆ.

ಅಳತೆ: ಮೈದಾ 400 ಗ್ರಾಂ, ನೀರು 300 ಮಿಲಿ, ಇನ್‌ಸ್ಟಂಟ್ ಯೀಸ್ಟ್ ಎರಡು ಟೀ ಚಮಚ, ಉಪ್ಪು, ಒಂದು ಚಮಚ ಸಕ್ಕರೆ, ಸ್ವಲ್ಪ ಎಣ್ಣೆ. ಕಲಸಿ ನಾದಿ ಒಂದೂವರೆ ಗಂಟೆ ಉಬ್ಬಿಸ್ತೀನಿ. ಆಮೇಲೆ ಉಂಡೆ ಮಾಡಿ ಕುಕರ್‌ಗೆ ಹಾಕಿ ಅಲ್ಲೇ ಇನ್ನೊಂದು ಗಂಟೆ ಉಬ್ಬೋಕೆ ಬಿಟ್ಟು, ಕುಕರಿನ ಲೋ, ಹೈ ಎರಡು ಸೆಟ್ಟಿಂಗ್‌ಗಳಲ್ಲಿ ಲೋನಲ್ಲಿ ಮೂರು ಗಂಟೆ ಬೇಯಿಸ್ತೀನಿ. ಯಾವುದನ್ನ ಬದಲಾಯಿಸಲಿ?

ಒಲೆಮುಂದೆ

ನೀಲಿಕೊಡೆ ಅವರೇ, ಅಳತೆ ಬರೆದು ಒಳ್ಳೇದು ಮಾಡಿದಿರಿ, ಅರ್ಧ ಉತ್ತರ ಅಲ್ಲೇ ಇದೆ. 400 ಗ್ರಾಂ ಮೈದಾಗೆ 300 ಮಿಲಿ ಅಂದ್ರೆ ಹಿಟ್ಟಿನ ತೂಕದ ಶೇ. 75ರಷ್ಟು ನೀರು. ಓವನ್‌ನಲ್ಲಿ ಬೇಯುವಾಗ ಬ್ರೆಡ್ಡು ತನ್ನ ತೂಕದಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲನ್ನು ಆವಿಯಾಗಿ ಕಳೆದುಕೊಳ್ಳುತ್ತೆ. ಮುಚ್ಚಿದ ಕುಕರ್‌ನಲ್ಲಿ ಆ ಆವಿ ಹೋಗೋದೆಲ್ಲಿಗೆ? ಮುಚ್ಚಳಕ್ಕೆ ತಾಗಿ, ಹನಿಗಟ್ಟಿ, ಬ್ರೆಡ್ಡಿನ ನೆತ್ತಿ ಮೇಲೇ ವಾಪಸ್ ಬೀಳುತ್ತೆ. ನಿಮ್ಮ ಬ್ರೆಡ್ಡಿನ ನಡುವಿನ ತಗ್ಗಿಗೂ ಒದ್ದೆಗೂ ಒಂದು ಕಾರಣ ಇದು.

ನಾನು ಮಾಡೋ ಅಳತೆ ಹೇಳ್ತೀನಿ. ಮೈದಾ 400 ಗ್ರಾಂ, ನೀರು 245 ಮಿಲಿ, ಉಪ್ಪು 7 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 4 ಗ್ರಾಂ, ಸಕ್ಕರೆ 10 ಗ್ರಾಂ, ಎಣ್ಣೆ ಒಂದು ದೊಡ್ಡ ಚಮಚ. ಯೀಸ್ಟ್ ಒಂದು ಟೀ ಚಮಚ ಸುಮಾರು 3 ಗ್ರಾಂ ತೂಗುತ್ತೆ, ಅಂದ್ರೆ ನೀವು ಹಾಕ್ತಿರೋದು 6 ಗ್ರಾಂ. ಅಷ್ಟು ಬೇಡ. ಇನ್‌ಸ್ಟಂಟ್ ಸಿಗದೆ ಆ್ಯಕ್ಟಿವ್ ಡ್ರೈ ಯೀಸ್ಟ್ ಇದ್ರೆ ಮೂರಕ್ಕೆ ನಾಲ್ಕರ ಲೆಕ್ಕದಲ್ಲಿ ಹೆಚ್ಚಿಸಿ, ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ, ನೊರೆ ಎದ್ದ ಮೇಲೆ ಹಾಕಿ.

ಇನ್ನು ಬಹಳ ಮುಖ್ಯವಾದದ್ದು: ಕುಕರ್ ಒಳಗೆ ಎರಡನೇ ಸಲ ಉಬ್ಬಿಸೋದನ್ನ ಬಿಟ್ಟುಬಿಡಿ. ಮೊದಲ ಉಬ್ಬು ಆದ ಮೇಲೆ ಗಾಳಿ ತೆಗೆದು, ಉಂಡೆ ಬಿಗಿಯಾಗಿ ಕಟ್ಟಿ, ಬೇಕಿಂಗ್ ಪೇಪರ್ ಮೇಲೆ ಕೂರಿಸಿ, ತಣ್ಣಗಿನ ಪಾತ್ರೆಗೇ ಇಳಿಸಿ ನೇರವಾಗಿ ಹೈಗೆ ಹಾಕಿ. ಕುಕರ್ ನಿಧಾನಕ್ಕೆ ಬಿಸಿಯಾಗುತ್ತಲ್ಲ, ಆ ಮೊದಲ ಮುಕ್ಕಾಲು ಗಂಟೆಯೇ ಎರಡನೇ ಉಬ್ಬು. ನೀವು ಒಂದು ಗಂಟೆ ಉಬ್ಬಿಸಿ, ಆಮೇಲೆ ಲೋನಲ್ಲಿಟ್ಟು ಇನ್ನೊಂದು ಗಂಟೆ ಉಬ್ಬಿಸ್ತಿದ್ದೀರಿ. ಗಟ್ಟಿಯಾಗೋ ಹೊತ್ತಿಗೆ ಹಿಟ್ಟಿಗೆ ತ್ರಾಣ ಉಳಿದಿರಲ್ಲ, ನಡು ಕುಸಿಯುತ್ತೆ.

ಮುಚ್ಚಳದ ಕೆಳಗೆ ದಪ್ಪ ಹತ್ತಿ ಬಟ್ಟೆ ಹಾಸಿ, ನಾಲ್ಕೂ ಮೂಲೆಗಳನ್ನು ಮೇಲಕ್ಕೆ ಮಡಚಿ ಮುಚ್ಚಳದ ಹಿಡಿಗೆ ಸಿಕ್ಕಿಸಿ. ಹೈನಲ್ಲಿ ಎರಡು ಗಂಟೆ ಮುಟ್ಟಬೇಡಿ. ಆಮೇಲೆ ನೋಡಿ.

ಹಿಟ್ಟುಹದ

ಒಲೆಮುಂದೆ ಅವರ ಮಾತಿಗೆ ಸಹಮತ, ಒಂದನ್ನು ಬಿಡಿಸಿ ಹೇಳಬೇಕು ಅನಿಸಿತು. ಹಿಟ್ಟಿನೊಳಗೆ ಬಿಸಿ ಏರುತ್ತಾ ಹೋದಂತೆ ಏನೇನು ನಡೆಯುತ್ತದೆ ಎಂಬುದು ಗೊತ್ತಿದ್ದರೆ ಲೋ ಯಾಕೆ ಬೇಡ ಎಂಬುದು ತಾನಾಗಿ ತಿಳಿಯುತ್ತದೆ.

35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಯೀಸ್ಟ್ ಭರದಿಂದ ಕೆಲಸ ಮಾಡುತ್ತದೆ. 45 ದಾಟಿದರೆ ಸೋಲುತ್ತದೆ, 55ರಿಂದ 60ರೊಳಗೆ ಸಾಯುತ್ತದೆ. 60ರ ಹತ್ತಿರ ಹಿಟ್ಟಿನ ಪಿಷ್ಟ ನೀರು ಹೀರಿ ಊದಿಕೊಳ್ಳಲು ಶುರು. 70ರಿಂದ 80ರ ನಡುವೆ ಗ್ಲುಟನ್ (ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಗಟ್ಟಿಯಾಗಿ ಗುಳ್ಳೆಗಳ ಗೋಡೆ ನಿಲ್ಲುತ್ತದೆ. ನಡುಭಾಗ 93ರಿಂದ 96ಕ್ಕೆ ಬಂದಾಗ ಸಾದಾ ಬ್ರೆಡ್ ಬೆಂದಂತೆ. ಓವನ್‌ನಲ್ಲಿ ಈ ಪಯಣ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಸ್ಲೋ ಕುಕರ್‌ನಲ್ಲಿ ಅದೇ ದಾರಿ, ಗಂಟೆಗಟ್ಟಲೆ. ಯೀಸ್ಟ್ ಇನ್ನೂ ಜೀವಂತ ಇದ್ದು ಗೋಡೆ ಇನ್ನೂ ನಿಲ್ಲದಿರುವ ಆ 30ರಿಂದ 60 ಡಿಗ್ರಿಯ ಹಂತವೇ ಅಪಾಯದ್ದು. ಅಲ್ಲಿ ತಡವಾದಷ್ಟೂ ಗುಳ್ಳೆ ದೊಡ್ಡದಾಗಿ ಒಡೆದು ಒಂದಾಗುತ್ತವೆ, ಹಿಟ್ಟು ಹುಳಿಯ ವಾಸನೆ ಹಿಡಿಯುತ್ತದೆ. ಲೋನಲ್ಲಿ ಆ ಹಂತ ಬಹಳ ಉದ್ದ. ಆದ್ದರಿಂದ ಹೈ.

ನೀರು ಕಡಿಮೆ ಮಾಡುವುದಕ್ಕೂ ಇದೇ ಕಾರಣ. ಬಿಗಿಯಾದ ಹಿಟ್ಟು ಆ ನಿಧಾನದ ಏರಿಕೆಯನ್ನು ತಡೆದುಕೊಂಡು ಆಕಾರ ಉಳಿಸಿಕೊಳ್ಳುತ್ತದೆ. ಸಡಿಲ ಹಿಟ್ಟು ಪಾತ್ರೆಯ ತಳಕ್ಕೆ ಹರಡಿಬಿಡುತ್ತದೆ.

ತಂತಿಮನೆ

ಅಡುಗೆ ವಿಷಯ ನೀವೆಲ್ಲ ಹೇಳಿದ್ದೀರಿ. ನಾನು ಯಂತ್ರದ ಕಡೆಯಿಂದ ಬರೀತೀನಿ, ಯಾಕಂದ್ರೆ ಇದರಲ್ಲಿ ಎಚ್ಚರ ಬೇಕಾದ ಸಂಗತಿಗಳಿವೆ.

ಸ್ಲೋ ಕುಕರ್ ಹುಟ್ಟಿದ್ದೇ ನೀರಿರುವ ಅಡುಗೆಗೆ. ಇರ್ವಿಂಗ್ ನ್ಯಾಕ್ಸನ್ ಎಂಬುವರು ಅಮೆರಿಕದಲ್ಲಿ 1940ರಲ್ಲಿ ಇದರ ಪೇಟೆಂಟ್ ಪಡೆದರು, ಕಾಳು ಬೇಯಿಸುವ ಪಾತ್ರೆಯಾಗಿ. 1971ರಲ್ಲಿ ರೈವಲ್ ಕಂಪನಿ ಅದನ್ನೇ ತಿದ್ದಿ ಕ್ರಾಕ್-ಪಾಟ್ ಹೆಸರಲ್ಲಿ ಮಾರುಕಟ್ಟೆಗೆ ತಂತು. ಬಿಸಿ ಮಾಡುವ ತಂತಿ ಸಾಮಾನ್ಯವಾಗಿ ಪಾತ್ರೆಯ ಸುತ್ತ, ಹೊರಕವಚದ ಗೋಡೆಯಲ್ಲಿ ಇರುತ್ತೆ. ಮೇಲೆ ಮುಚ್ಚಳದ ಕಡೆ ಯಾವ ತಂತಿಯೂ ಇಲ್ಲ. ಬದಿ ಕಂದಾಗಿ ನೆತ್ತಿ ಬಿಳಿಚಿಕೊಳ್ಳೋದು ಅದಕ್ಕೇ.

ಇನ್ನೊಂದು. ಹೈ ಅಂದ್ರೆ ಜಾಸ್ತಿ ಬಿಸಿ, ಲೋ ಅಂದ್ರೆ ಕಡಿಮೆ ಬಿಸಿ ಅಂತ ಎಲ್ಲರೂ ಅಂದುಕೊಳ್ತಾರೆ. ಒಳಗೆ ಸಾರೋ ನೀರೋ ಇದ್ದಾಗ ಬಹಳಷ್ಟು ಕುಕರ್‌ಗಳಲ್ಲಿ ಎರಡೂ ಕೊನೆಗೆ ತಲುಪೋದು ಕುದಿಯ ಸಮೀಪದ ಒಂದೇ ಮಟ್ಟವನ್ನ. ಹೈ ಬೇಗ ಮುಟ್ಟಿಸುತ್ತೆ, ಲೋ ನಿಧಾನಕ್ಕೆ. ನಿಮಗೆ ಬೇಕಿರೋದು ಬೇಗ.

ಈಗ ಎಚ್ಚರದ ಮಾತು. ಖಾಲಿ ಪಿಂಗಾಣಿ ಪಾತ್ರೆಯನ್ನ ಬಿಸಿ ಮಾಡಬೇಡಿ ಅಂತ ಬಹಳಷ್ಟು ಕೈಪಿಡಿಗಳಲ್ಲಿ ಬರೆದಿರುತ್ತೆ. ಬ್ರೆಡ್ ಹಿಟ್ಟು ಖಾಲಿ ಅಲ್ಲ ನಿಜ, ಆದರೂ ಗೋಡೆಯ ಮೇಲ್ಭಾಗ ಒಣಗಿರುತ್ತೆ. ಹಾಗಾಗಿ ಮೊದಲೇ ಬಿಸಿ ಮಾಡಿಟ್ಟುಕೊಂಡು ಆಮೇಲೆ ಹಿಟ್ಟು ಹಾಕೋದು ಬೇಡ. ಬ್ರೆಡ್ ತೆಗೆದ ತಕ್ಷಣ ಪಾತ್ರೆಗೆ ತಣ್ಣೀರು ಸುರಿಯೋದಂತೂ ಬೇಡವೇ ಬೇಡ, ಸೀಳು ಬಿಡುತ್ತೆ. ಗಾಜಿನ ಮುಚ್ಚಳಕ್ಕೂ ಇದೇ ಮಾತು. ಕೈಪಿಡಿಯಲ್ಲಿ ದ್ರವ ಇಲ್ಲದೆ ಬಳಸಲೇಬಾರದು ಅಂತ ಖಡಾಖಂಡಿತ ಬರೆದಿದ್ರೆ ಅದನ್ನ ಮೀರಬೇಡಿ. ಅಂಥವರು ಬ್ರೆಡ್ ಹಿಟ್ಟನ್ನ ಚಿಕ್ಕ ತಗಡಿನ ಅಚ್ಚಿಗೆ ಹಾಕಿ, ಪಾತ್ರೆಯ ತಳದಲ್ಲಿ ಒಂದು ಬಳೆಯೋ ಸಣ್ಣ ಸ್ಟ್ಯಾಂಡೋ ಇಟ್ಟು, ಒಂದು ಲೋಟ ಬಿಸಿನೀರು ಹಾಕಿ ಅದರ ಮೇಲೆ ಅಚ್ಚು ಕೂರಿಸಬಹುದು. ಇನ್ನೂ ಹೆಚ್ಚು ಹೊತ್ತು ಬೇಕು, ಬದಿಗೂ ಬಣ್ಣ ಬರಲ್ಲ, ಆದರೆ ಬೇಯುತ್ತೆ.

ಬಟ್ಟೆ ಹತ್ತಿಯದ್ದೇ ಇರಲಿ, ಅದರ ಅಂಚು ಹೊರಕವಚದ ಲೋಹಕ್ಕೆ ತಾಗಿ ಜೋತಾಡಬಾರದು. ಬಟ್ಟೆ ಹಾಕಿದ ಕುಕರನ್ನ ಉರಿಯೋಕೆ ಬಿಟ್ಟು ಮನೆ ಬಿಟ್ಟು ಹೊರಗೆ ಹೋಗಬೇಡಿ.

ನೀಲಿಕೊಡೆ

ಇಷ್ಟು ಬೇಗ ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಮೂರು ಪ್ರಶ್ನೆ ಉಳಿದಿವೆ.

ಒಂದು, ಚಳಿ ಇದ್ದಾಗ ಮೊದಲ ಉಬ್ಬಿಗೆ ಕುಕರಿನ ಕೀಪ್ ವಾರ್ಮ್ ಬಳಸಬಹುದಾ? ಎರಡು, ನನ್ನ ಹತ್ತಿರ ಥರ್ಮಾಮೀಟರ್ ಇಲ್ಲ, ಬೆಂದಿದೆ ಅಂತ ಹೇಗೆ ತಿಳಿಯೋದು? ಮೂರು, ಬೆಣ್ಣೆಕಾಗದ ಅಂತ ಅಂಗಡಿಯಲ್ಲಿ ಕೊಡ್ತಾರಲ್ಲ, ಅದು ಬೇಕಿಂಗ್ ಪೇಪರ್ರೇ ತಾನೇ?

ಒಲೆಮುಂದೆ

ಮೂರನೆಯದಕ್ಕೆ ಮೊದಲು ಉತ್ತರ, ಯಾಕಂದ್ರೆ ಇದರಲ್ಲಿ ಬಹಳ ಜನಕ್ಕೆ ಗೊಂದಲ. ಆ ಹೆಸರಲ್ಲಿ ಎರಡೂ ಥರದ ಕಾಗದ ಮಾರ್ತಾರೆ. ಮೇಣ ಸವರಿದ ಕಾಗದ ಬಿಸಿಗೆ ಮೇಣ ಬಿಟ್ಟುಕೊಳ್ಳುತ್ತೆ, ಅದು ಬೇಡ. ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್ ಬೇಕು, ಪೊಟ್ಟಣದ ಮೇಲೆ ಎಷ್ಟು ಡಿಗ್ರಿವರೆಗೆ ತಡೆಯುತ್ತೆ ಅಂತ ಅಚ್ಚಾಗಿರುತ್ತೆ, ನೋಡಿ ತಗೊಳ್ಳಿ. ಕಾಗದ ಸ್ವಲ್ಪ ಉದ್ದಕ್ಕೇ ಕತ್ತರಿಸಿ. ಎರಡು ಕಿವಿ ಮೇಲೆ ಬಂದಿದ್ರೆ ಬ್ರೆಡ್ ಎತ್ತೋಕೆ ಅದೇ ಹಿಡಿ.

ಕೀಪ್ ವಾರ್ಮ್ ಬೇಡ. ಆ ಗುಂಡಿ ಇರೋದು ಬೇಯಿಸಿದ ಅಡುಗೆ ಕೆಡದ ಹಾಗೆ 60 ಡಿಗ್ರಿಗಿಂತ ಮೇಲೆ ಇಡೋದಕ್ಕೆ. ಹಿಟ್ಟುಹದ ಅವರು ಬರೆದ ಲೆಕ್ಕ ನೋಡಿದ್ರೆ ಅಷ್ಟು ಹೊತ್ತಿಗೆ ಯೀಸ್ಟ್ ಸತ್ತೇ ಹೋಗಿರುತ್ತೆ. ಹಿಟ್ಟಿನ ಅಂಚು ಬೆಂದು ನಡು ಹಸಿಯಾಗಿ ಉಳಿಯುತ್ತೆ. ಚಳಿಗೆ ಒಂದು ದಾರಿ ಇದೆ: ಪಾತ್ರೆಗೆ ಬಿಸಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಒರೆಸಿ, ಮುಟ್ಟಿದರೆ ಹಿತವಾದ ಬೆಚ್ಚಗಿದೆ ಅನ್ನೋವಾಗ ಹಿಟ್ಟಿಟ್ಟು ಮುಚ್ಚಿ. ಪಿಂಗಾಣಿ ದಪ್ಪ ಇರೋದರಿಂದ ಬಿಸಿ ಬೇಗ ಆರಲ್ಲ. ಕರೆಂಟ್ ಬೇಕಾಗಿಯೇ ಇಲ್ಲ.

ಬೆಂದಿದೆಯಾ ಅನ್ನೋದಕ್ಕೆ ಬಣ್ಣ ನಂಬಬೇಡಿ. ನೆತ್ತಿಯನ್ನ ಬೆರಳಿಂದ ಒತ್ತಿ. ಒಣಗಿದ ಹಾಗಿದ್ದು, ಒತ್ತಿದ ಗುಳಿ ತಕ್ಷಣ ಮೇಲೆದ್ದರೆ ಅರ್ಧ ಖಾತ್ರಿ. ಆಮೇಲೆ ಕಾಗದದ ಕಿವಿ ಹಿಡಿದು ಮೇಲೆತ್ತಿ, ಬಟ್ಟೆ ಸುತ್ತಿದ ಕೈಯಲ್ಲಿ ತಲೆಕೆಳಗು ಮಾಡಿ ತಳಕ್ಕೆ ಗೆಣ್ಣಿಂದ ತಟ್ಟಿ. ಟೊಳ್ಳು ಸದ್ದು ಬರಬೇಕು. ಮಂಕಾದ ಸದ್ದು ಬಂದರೆ ವಾಪಸ್ ಇಟ್ಟು ಇನ್ನು ಇಪ್ಪತ್ತು ನಿಮಿಷ. ಉದ್ದನೆ ಕಡ್ಡಿ ನಡುವಿಗೆ ಚುಚ್ಚಿ ತೆಗೆದಾಗ ಅಂಟಿಲ್ಲದೆ ಬರಬೇಕು.

ಹಿಟ್ಟುಹದ

ಆದರೂ ಒಂದು ಚುಚ್ಚುವ ಥರ್ಮಾಮೀಟರ್ ತೆಗೆದುಕೊಳ್ಳಿ ಎಂದೇ ನನ್ನ ಸಲಹೆ. ಓವನ್ ಬ್ರೆಡ್ಡಿನಲ್ಲಿ ಕಣ್ಣು, ಮೂಗು ಎರಡೂ ಸುಳಿವು ಕೊಡುತ್ತವೆ. ಇಲ್ಲಿ ನೆತ್ತಿ ಕೊನೆಯವರೆಗೂ ಬಿಳಿಯೇ, ಪರಿಮಳವೂ ಮಂದ. ತಟ್ಟಿ ನೋಡುವ ಪರೀಕ್ಷೆ ಕಿವಿ ಪಳಗಿದವರಿಗೆ ಸರಿ. ಹೊಸಬರಿಗೆ 88 ಡಿಗ್ರಿಯ ಬ್ರೆಡ್ಡೂ ಟೊಳ್ಳಾಗಿಯೇ ಕೇಳಿಸುತ್ತದೆ.

ಮತ್ತೆ, ಬಿಸಿ ಇರುವಾಗಲೇ ಕತ್ತರಿಸುತ್ತಿದ್ದೀರಾ? ಕನಿಷ್ಠ ಒಂದು ಗಂಟೆ ತಂತಿ ಜಾಲರಿಯ ಮೇಲೆ ಆರಬೇಕು. ಊದಿಕೊಂಡ ಪಿಷ್ಟ ಗಟ್ಟಿಯಾಗುವುದೇ ಆರುವಾಗ. ಪೂರ್ತಿ ಬೆಂದ ಬ್ರೆಡ್ಡನ್ನೂ ಬಿಸಿಯಲ್ಲಿ ಕೊಯ್ದರೆ ಚಾಕುವಿಗೆ ಅಂಟುತ್ತದೆ. ಸ್ಲೋ ಕುಕರಿನ ಬ್ರೆಡ್ಡಿನಲ್ಲಿ ತೇವ ಜಾಸ್ತಿ, ಹಾಗಾಗಿ ಈ ಕಾಯುವಿಕೆ ಇನ್ನೂ ಹೆಚ್ಚು ಅಗತ್ಯ.

ಸಂಜೆಹಕ್ಕಿ

ಎಲ್ಲರೂ ಬೇಯಿಸೋದರ ಬಗ್ಗೆ ಹೇಳಿದಿರಿ, ಬಣ್ಣದ ಬಗ್ಗೆ ನಾನು ಹೇಳಬಹುದಾ? ಬ್ರೆಡ್ ಆಚೆ ತೆಗೆದ ಮೇಲೆ ಕಾವಲಿ ಒಣಗಿಯೇ ಚೆನ್ನಾಗಿ ಕಾಯಿಸಿ, ಬ್ರೆಡ್ಡಿನ ನೆತ್ತಿಗೆ ಚೂರು ಬೆಣ್ಣೆಯೋ ಎಣ್ಣೆಯೋ ಸವರಿ, ಬೋರಲು ಹಾಕಿ ಮೂರ್ನಾಲ್ಕು ನಿಮಿಷ ಮಧ್ಯಮ ಉರಿಯಲ್ಲಿ ಇಡಿ. ಉಬ್ಬಿದ ಭಾಗ ಮಾತ್ರ ಕಾವಲಿಗೆ ತಾಗುತ್ತೆ, ಹಾಗಾಗಿ ನಿಧಾನಕ್ಕೆ ಆ ಕಡೆ ಈ ಕಡೆ ಹೊರಳಿಸ್ತಾ ಇರಿ. ಗರಿಗರಿ ಆಗತ್ತೆ, ಸುಟ್ಟ ಪರಿಮಳವೂ ಬರತ್ತೆ. ಗ್ರಿಲ್ ಇರುವ ಮೈಕ್ರೋವೇವ್ ಇದ್ದವರು ಗ್ರಿಲ್ ಕೆಳಗೆ ಐದು ನಿಮಿಷ ಇಟ್ರೂ ಸಾಕು. ಆದ್ರೆ ಕಾಗದ ತೆಗೆದು ಇಡಿ, ಗ್ರಿಲ್ ಹತ್ತಿರ ಕಾಗದ ಹೊತ್ತಿಕೊಳ್ಳತ್ತೆ. ಪಿಂಗಾಣಿ ಪಾತ್ರೆಯನ್ನೇ ಗ್ರಿಲ್‌ಗೆ ಇಡೋದು ಬೇಡ.

ನನಗಂತೂ ಬಿಳಿ ಇದ್ರೂ ಇಷ್ಟವೇ. ಸ್ಯಾಂಡ್‌ವಿಚ್ಚಿಗೆ ಅಂಚು ಕತ್ತರಿಸಿ ಎಸೆಯೋ ಗೋಜೇ ಇಲ್ಲ, ಹಲ್ಲಿಲ್ಲದ ಹಿರಿಯರಿಗೂ ಮಕ್ಕಳಿಗೂ ಇದು ಓವನ್ ಬ್ರೆಡ್ಡಿಗಿಂತ ವಾಸಿ.

ನಡುಹಗಲು

ಹೊಸಬ ಇಲ್ಲಿಗೆ. 100 ಡಿಗ್ರಿ ದಾಟದ ಕಡೆ ಬ್ರೆಡ್ ಕಂದಾಗೋಕೆ ಸಾಧ್ಯವೇ ಇಲ್ಲ ಅಂತ ಓದಿದ್ದೆ. ಹಾಗಿದ್ರೆ ನೀಲಿಕೊಡೆ ಅವರ ಬ್ರೆಡ್ಡಿನ ತಳ ಕಂದಾಗಿದ್ದು ಹೇಗೆ?

ಹಿಟ್ಟುಹದ

ಒಳ್ಳೆಯ ಪ್ರಶ್ನೆ. ಒದ್ದೆ ಇರುವ ಕಡೆ ಬಿಸಿ 100ರ ಗಡಿ ದಾಟುವುದಿಲ್ಲ, ನೀರೇ ಆ ಬಿಸಿಯನ್ನು ಆವಿಯಾಗಿ ಕೊಂಡೊಯ್ಯುತ್ತದೆ. ಆದರೆ ಪಾತ್ರೆಯ ಗೋಡೆಗೆ ಒತ್ತಿಕೊಂಡ ಹಿಟ್ಟಿನ ತೆಳುಪದರ ಒಣಗಿಬಿಡುತ್ತದೆ, ಒಣಗಿದ ಮೇಲೆ ಅಲ್ಲಿ ಬಿಸಿ 100ನ್ನು ಮೀರಿ ಏರಬಹುದು. ಬ್ರೆಡ್ಡಿಗೆ ಕಂದು ಬಣ್ಣ, ಪರಿಮಳ ಕೊಡುವ ಮೇಲಾರ್ಡ್ ಕ್ರಿಯೆ ಸುಮಾರು 140 ಡಿಗ್ರಿಯ ಮೇಲೆ ಚುರುಕು. ಸಕ್ಕರೆ ಅಂಶ ಮತ್ತು ಪ್ರೋಟೀನ್ ಕೂಡಿ ನಡೆಸುವ ಕ್ರಿಯೆ ಅದು.

ಕೆಳಗಿನ ಬಿಸಿಯಲ್ಲಿ ಅದು ನಡೆಯುವುದೇ ಇಲ್ಲ ಎನ್ನುವುದು ಮಾತ್ರ ಸರಿಯಲ್ಲ. ನಡೆಯುತ್ತದೆ, ತೀರಾ ನಿಧಾನವಾಗಿ. ಜರ್ಮನಿಯ ವೆಸ್ಟ್‌ಫಾಲಿಯಾದ ಪಂಪರ್‌ನಿಕಲ್ ಎಂಬ ರೈ (ಗೋಧಿಯಂಥ ಒಂದು ಧಾನ್ಯ) ಬ್ರೆಡ್ ಇದಕ್ಕೆ ಸಾಕ್ಷಿ. ಮುಚ್ಚಿದ ಅಚ್ಚಿನಲ್ಲಿ, ಆವಿಯ ನಡುವೆ, ಕಡಿಮೆ ಬಿಸಿಯಲ್ಲಿ 16 ಗಂಟೆಗೂ ಹೆಚ್ಚು ಕಾಲ ಅದನ್ನು ಬೇಯಿಸುತ್ತಾರೆ. ಹೊರಗಷ್ಟೇ ಅಲ್ಲ, ಒಳಗೂ ಕಾಫಿಪುಡಿಯ ಕಪ್ಪು. ಬಣ್ಣ ಹಾಕದೆಯೂ ಅಷ್ಟು ಕಪ್ಪಾಗುವುದು ಕಾಲದಿಂದ. ಅದು ರೈ ಹಿಟ್ಟಿನ, ಹುಳಿಹಿಟ್ಟಿನ ಬ್ರೆಡ್. ಮೈದಾ ಬ್ರೆಡ್ಡನ್ನು ಅಷ್ಟು ಹೊತ್ತು ಇಟ್ಟರೆ ಒಣಗಿ ಹೋಗುತ್ತದೆ, ಪ್ರಯತ್ನಿಸಬೇಡಿ. ನಮ್ಮ ಎರಡು ಎರಡೂವರೆ ಗಂಟೆಗೆ ನೆತ್ತಿ ಬಣ್ಣ ತಿರುಗುವುದಿಲ್ಲ, ಸಂಜೆಹಕ್ಕಿ ಅವರ ಕಾವಲಿಯೇ ದಾರಿ.

ಗೋಧಿತೆನೆ

ಮೈದಾ ತಿನ್ನದ ಮನೆ ನಮ್ಮದು. ಪೂರ್ತಿ ಗೋಧಿ ಹಿಟ್ಟಲ್ಲಿ ಮಾಡೋರಿಗೆ ಎರಡು ಮಾತು. ಹೊಟ್ಟು ನೀರು ಕುಡಿಯುತ್ತೆ, ಹಾಗಾಗಿ ಒಲೆಮುಂದೆ ಅವರ 400 ಗ್ರಾಂಗೆ 245 ಮಿಲಿ, ಅಂದ್ರೆ ಸುಮಾರು ಶೇ. 61ರ ನೀರಿನ ಲೆಕ್ಕ ಇಲ್ಲಿ ನಡೆಯಲ್ಲ. 400 ಗ್ರಾಂ ಗೋಧಿ ಹಿಟ್ಟಿಗೆ 280 ಮಿಲಿವರೆಗೂ ಬೇಕಾಗುತ್ತೆ. ಕಲಸಿದ ಮೇಲೆ ನಾದೋದಕ್ಕೆ ಮುಂಚೆ ಅರ್ಧ ಗಂಟೆ ಸುಮ್ಮನೆ ಮುಚ್ಚಿಡಿ. ಮೊದಲು ಕೈಗೆಲ್ಲ ಅಂಟುವ ಹಿಟ್ಟು ಅರ್ಧ ಗಂಟೆ ಆದ ಮೇಲೆ ಮೆತ್ತಗಾಗಿ ಪಾತ್ರೆ ಬಿಟ್ಟು ಬರುತ್ತೆ. ಆಗ ನಾದಿ. ಮೊದಲೇ ಅಂಟು ಅಂತ ಒಣಹಿಟ್ಟು ಸುರಿದರೆ ಕೊನೆಗೆ ಇಟ್ಟಿಗೆ ಆಗುತ್ತೆ.

ಹೊಟ್ಟಿನ ಚೂರು ಗ್ಲುಟನ್ ಎಳೆಗಳನ್ನ ಕಡಿಯುತ್ತೆ, ಮೈದಾದಷ್ಟು ಎತ್ತರಕ್ಕೆ ಉಬ್ಬಲ್ಲ. ಅರ್ಧ ಗೋಧಿ ಅರ್ಧ ಮೈದಾ ಹಾಕಿದ್ರೆ ಸ್ಲೋ ಕುಕರ್‌ಗೆ ಒಳ್ಳೆ ಹದ. ಗೋಧಿ ಬ್ರೆಡ್ಡಲ್ಲಿ ಇನ್ನೊಂದು ಲಾಭ, ನೆತ್ತಿ ಬಿಳಿಚಿದ್ದು ಕಾಣಲ್ಲ.

ಬೆಟ್ಟದತುದಿ

ಎತ್ತರದ ಜಾಗದಲ್ಲಿ ಇರೋರು ಹಿಟ್ಟುಹದ ಅವರ 93-96 ಡಿಗ್ರಿ ಮಾತನ್ನ ಸ್ವಲ್ಪ ತಿದ್ದಿಕೊಳ್ಳಬೇಕು. ಸಮುದ್ರಮಟ್ಟದಿಂದ 1500 ಮೀಟರ್ ಮೇಲೆ ನೀರು ಕುದಿಯೋದೇ ಸುಮಾರು 95ಕ್ಕೆ. ಅಲ್ಲಿ ಬ್ರೆಡ್ಡಿನ ನಡು 96 ಆಗಲಿ ಅಂತ ಕಾದ್ರೆ ಎಂದಿಗೂ ಆಗಲ್ಲ, ಒಣಗುತ್ತೆ ಅಷ್ಟೆ. 91-92ಕ್ಕೆ ಬಂದು ಅಲ್ಲೇ ನಿಂತರೆ ತೆಗೆಯಿರಿ. ಗಾಳಿಯ ಒತ್ತಡ ಕಡಿಮೆ ಇರೋದರಿಂದ ಹಿಟ್ಟೂ ಬೇಗ ಉಬ್ಬುತ್ತೆ, ಯೀಸ್ಟ್ ಇನ್ನೂ ಕಾಲುಭಾಗ ತಗ್ಗಿಸಿ.

ನೀಲಿಕೊಡೆ

ಒಲೆಮುಂದೆ ಅವರ ಅಳತೆಯಲ್ಲೇ ಮಾಡಿ ಬರೆಯುತ್ತಿದ್ದೇನೆ. 245 ಮಿಲಿ ನೀರಿಗೆ ಹಿಟ್ಟು ಕೈಗೆ ಅಂಟದೆ ನುಣ್ಣಗೆ ಬಂತು. ತಣ್ಣನೆ ಪಾತ್ರೆ, ಹೈ, ಬಟ್ಟೆ. ಅರ್ಧ ಗಂಟೆಗೆ ಗಾಜಿನ ಅಂಚಿಂದ ಇಣುಕಿದಾಗ ಉಂಡೆ ಕಾಗದದ ಮಡಿಕೆಗಳನ್ನ ತಳ್ಳಿಕೊಂಡು ಹರಡುತ್ತಿತ್ತು. ಒಂದೂಕಾಲು ಗಂಟೆ ಹೊತ್ತಿಗೆ ನೆತ್ತಿಯ ಹೊಳಪು ಹೋಗಿ ಮ್ಯಾಟ್ ಆಯ್ತು, ಬಟ್ಟೆ ಮುಟ್ಟಿದರೆ ಹಸಿಹಸಿ. ಎರಡೂಕಾಲು ಗಂಟೆಗೆ ತೆಗೆದೆ. ತಗ್ಗು ಬಿದ್ದಿಲ್ಲ. ಆರಿಸಿ ಕೊಯ್ದಾಗ ಚಾಕು ಶುಭ್ರ, ಹೋಳನ್ನ ಮಡಚಿದರೆ ಮುರಿಯದೆ ಬಾಗುತ್ತೆ.

ಆದರೆ ಒಂದು ಪಕ್ಕ ಮಾತ್ರ ಸ್ವಲ್ಪ ಸೀದಿದೆ. ಗುಂಡಿ ಇರುವ ಕಡೆ ಅಲ್ಲ, ಅದರ ಎದುರಿನ ಕಡೆ. ಯಾಕೆ?

ತಂತಿಮನೆ

ಗುಂಡಿ ಮತ್ತು ಅದರ ತಂತಿಗಳಿರೋ ಕಡೆ ಬಿಸಿ ಕಡಿಮೆ ಇಡೋ ಹಾಗೆ ಎಷ್ಟೋ ಕುಕರ್‌ಗಳನ್ನ ಕಟ್ಟಿರ್ತಾರೆ. ಅದಕ್ಕೆ ಎದುರುಗಡೆ ಗೋಡೆ ಜಾಸ್ತಿ ಕಾಯುತ್ತೆ. ಆ ಪಕ್ಕಕ್ಕೆ ಅಲ್ಯುಮಿನಿಯಂ ಫಾಯಿಲನ್ನ ನಾಲ್ಕೈದು ಪದರ ಮಡಚಿ ಪಾತ್ರೆಯ ಒಳಗೋಡೆಗೆ ಆನಿಸಿ, ಅದರ ಮೇಲೆ ಬೇಕಿಂಗ್ ಪೇಪರ್ ಬರಲಿ. ಇಲ್ಲವಾದ್ರೆ ಒಂದೂವರೆ ಗಂಟೆಗೆ, ನೆತ್ತಿ ಗಟ್ಟಿಯಾದ ಮೇಲೆ, ಕಾಗದ ಹಿಡಿದು ಬ್ರೆಡ್ಡನ್ನ ತಿರುಗಿಸಿಡಿ. ಅದಕ್ಕೆ ಮುಂಚೆ ಮುಚ್ಚಳ ತೆಗೀಬೇಡಿ. ಒಮ್ಮೆ ತೆಗೆದರೆ ಹೋದ ಬಿಸಿ ಮತ್ತೆ ಕೂಡಿಕೊಳ್ಳೋಕೆ ಇಪ್ಪತ್ತು ನಿಮಿಷವಾದರೂ ಬೇಕು, ಇದರ ವ್ಯಾಟೇಜ್ ಅಷ್ಟು ಕಡಿಮೆ.

ವ್ಯಾಟೇಜ್ ಮಾತು ಬಂತು ಅಂತ ಹೇಳ್ತೀನಿ. 250 ವ್ಯಾಟಿನ ಕುಕರ್ ಎರಡೂವರೆ ಗಂಟೆ ಉರಿದರೆ ಸುಮಾರು 0.6 ಯೂನಿಟ್. 2000 ವ್ಯಾಟಿನ ಓವನ್ ಬರೀ ಬಿಸಿಯಾಗೋಕೆ ಕಾಲು ಗಂಟೆ ಪೂರ್ತಿ ಉರಿದರೆ ಅರ್ಧ ಯೂನಿಟ್ ಅಲ್ಲೇ ಹೋಯಿತು, ಬೇಯಿಸೋದು ಇನ್ನೂ ಬಾಕಿ.

ನಡುಹಗಲು

ನನ್ನದು ಒತ್ತಡದ ಅಡುಗೆಗೂ ಬಳಸುವ ಮಲ್ಟಿ ಕುಕರ್, ಅದರಲ್ಲಿ ಸ್ಲೋ ಕುಕ್ ಅಂತ ಒಂದು ಗುಂಡಿ ಇದೆ. ಅದರಲ್ಲಿ ಆಗತ್ತಾ?

ಒಲೆಮುಂದೆ

ಆಗಬಹುದು, ಆದರೆ ಇದೇ ಸಮಯ ಹಿಡೀಬೇಡಿ. ಅದರ ಪಾತ್ರೆ ತೆಳು ಉಕ್ಕು, ಬಿಸಿ ತಳದಿಂದ ಮಾತ್ರ ಬರುತ್ತೆ. ತಳ ಸೀದು ನೆತ್ತಿ ಹಸಿಯಾಗಿ ಉಳಿಯೋ ಸಾಧ್ಯತೆ ಹೆಚ್ಚು. ತಂತಿಮನೆ ಅವರು ಹೇಳಿದ ಅಚ್ಚು ಮತ್ತು ಬಿಸಿನೀರಿನ ದಾರಿ ನಿಮಗೆ ಹೊಂದುತ್ತೆ.

ಸಂಜೆಹಕ್ಕಿ

ಹಾಲು, ಮೊಟ್ಟೆ, ಬೆಣ್ಣೆ ಹಾಕಿದ ಸಿಹಿ ಬ್ರೆಡ್ ಮಾಡಬೇಕು ಅಂತಿದ್ದೀನಿ. ಅಷ್ಟು ಹೊತ್ತು ಬೆಚ್ಚಗಿದ್ರೆ ಕೆಡೋ ಭಯ ಇಲ್ವಾ? ಮತ್ತೆ ಎಷ್ಟು ದಿನ ಇಡಬಹುದು?

ಹಿಟ್ಟುಹದ

ಮೊಟ್ಟೆ, ಹಾಲು ಇರುವ ಹಿಟ್ಟನ್ನು ಲೋನಲ್ಲಿ ಇಡಲೇಬೇಡಿ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಆ ಹಂತವನ್ನು ಬೇಗ ದಾಟಿಸಬೇಕು. ಚಿಕ್ಕ ಉಂಡೆ, ಹೈ ಸೆಟ್ಟಿಂಗ್, ನಡುಭಾಗ 90 ಮುಟ್ಟಿದ ಮೇಲೆಯೇ ಹೊರಗೆ. ಬೆಣ್ಣೆ, ಸಕ್ಕರೆ ಇರುವ ಬ್ರೆಡ್ಡಿಗೆ ಅಷ್ಟು ಬಿಸಿ ಸಾಕು. ಸಕ್ಕರೆ ಇದ್ದಷ್ಟೂ ಬದಿ ಬೇಗ ಸೀಯುತ್ತದೆ, ಕಾಗದ ಎರಡು ಪದರ ಹಾಕಿ. ದೊಡ್ಡ ಉಂಡೆಯ ಬದಲು ನಿಂಬೆಹಣ್ಣಿಗಿಂತ ತುಸು ದೊಡ್ಡ ಉಂಡೆಗಳನ್ನು ಪಕ್ಕಪಕ್ಕ ಜೋಡಿಸಿದರೆ ಬಿಸಿ ಬೇಗ ಒಳಹೊಕ್ಕು ಒಂದೂವರೆ ಗಂಟೆಯೊಳಗೆ ಬೇಯುತ್ತವೆ. ಬಿಡಿಸಿ ತಿನ್ನಲೂ ಸುಲಭ.

ಇಡುವ ವಿಷಯದಲ್ಲಿ ಎಚ್ಚರ ಬೇಕು. ಒಣ ಕವಚ ಇಲ್ಲದ್ದರಿಂದ ಬೂಸಲು ಬೇಗ ಹಿಡಿಯುತ್ತದೆ. ಇನ್ನೊಂದು ತೊಂದರೆ ಸೆಕೆಗಾಲದ್ದು: ಹಿಟ್ಟಿನಲ್ಲಿ ಸಹಜವಾಗಿ ಇರುವ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ. ಓವನ್ನಿನಲ್ಲೂ ಅಷ್ಟೆ, ಯಾಕೆಂದರೆ ಬ್ರೆಡ್ಡಿನ ಒಳಭಾಗ ಅಲ್ಲೂ 100 ದಾಟುವುದಿಲ್ಲ. ತೇವದ ಬ್ರೆಡ್ ಒಂದೆರಡು ದಿನ ಬೆಚ್ಚಗಿದ್ದರೆ ಅವು ಬೆಳೆದು ಒಳಗೆಲ್ಲ ಲೋಳೆ ಕಟ್ಟುತ್ತದೆ, ಹೋಳು ಬಿಡಿಸಿದರೆ ನೂಲಿನಂಥ ಎಳೆ ಬರುತ್ತದೆ, ಮಾಗಿ ಕೊಳೆತ ಹಣ್ಣಿನ ವಾಸನೆ. ಅಂಥದ್ದನ್ನು ಪೂರ್ತಿ ಎಸೆದುಬಿಡಿ, ಚೆನ್ನಾಗಿರುವ ಭಾಗ ಉಳಿಸಿಕೊಳ್ಳಲು ಹೋಗಬೇಡಿ. ಹಿಟ್ಟು ಕಲಸುವಾಗ ಒಂದು ಟೀ ಚಮಚ ವಿನೆಗರ್ ಸೇರಿಸಿದರೆ ಆ ಹುಳಿ ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ, ರುಚಿಗೆ ಗೊತ್ತಾಗುವುದಿಲ್ಲ.

ಫ್ರಿಜ್ಜಿನಲ್ಲಿ ಬೂಸಲು ತಡವಾಗುತ್ತದೆ, ಆದರೆ ಬ್ರೆಡ್ ಬೇಗ ಬಿರುಸಾಗುತ್ತದೆ, ತಂಪಿನಲ್ಲಿ ಪಿಷ್ಟ ಗಟ್ಟಿಗಟ್ಟುವುದು ಜೋರು. ಒಂದು ದಿನಕ್ಕೆ ಬೇಕಾದಷ್ಟು ಹೊರಗಿಟ್ಟು, ಉಳಿದದ್ದನ್ನು ಪೂರ್ತಿ ಆರಿಸಿ ಹೋಳು ಮಾಡಿ ಫ್ರೀಜರ್‌ಗೆ ಹಾಕಿ. ಬೇಕಾದಾಗ ಹೆಪ್ಪುಗಟ್ಟಿದ ಹೋಳನ್ನೇ ನೇರ ಬಿಸಿ ಕಾವಲಿಗೆ.

ಗೋಧಿತೆನೆ

ಯೀಸ್ಟ್ ಬದಲು ಮನೆಯಲ್ಲಿ ಬೆಳೆಸಿದ ಹುಳಿಹಿಟ್ಟು ಹಾಕಿದ್ರೆ ಇದೇ ಕ್ರಮ ನಡೆಯುತ್ತಾ? ಯಾರಾದರೂ ಮಾಡಿದ್ದೀರಾ?

ಒಲೆಮುಂದೆ

ಮಾಡ್ತಿರ್ತೀನಿ. ಕ್ರಮ ಒಂದೇ ಕಡೆ ಬದಲಾಗುತ್ತೆ. ಹುಳಿಹಿಟ್ಟು ನಿಧಾನ, ಕುಕರ್ ಬಿಸಿಯಾಗುವ ಆ ಮುಕ್ಕಾಲು ಗಂಟೆಯಲ್ಲಿ ಅದು ಉಬ್ಬೋದು ಅಷ್ಟಕ್ಕಷ್ಟೇ. ಹಾಗಾಗಿ ಇಲ್ಲಿ ಎರಡನೇ ಉಬ್ಬನ್ನ ಹೊರಗೇ ಮುಕ್ಕಾಲು ಪಾಲು ಮುಗಿಸಿ. ಉಂಡೆಯನ್ನ ಬೆರಳಿಂದ ಒತ್ತಿದರೆ ಗುಳಿ ನಿಧಾನಕ್ಕೆ, ಅರ್ಧದಷ್ಟು ಮಾತ್ರ ಮೇಲೇಳಬೇಕು. ಅಷ್ಟಾದ ಮೇಲೆ ಕಾಗದದ ಸಮೇತ ಪಾತ್ರೆಗಿಳಿಸಿ, ಬಟ್ಟೆ ಹಾಸಿ ಮುಚ್ಚಿ, ಹೈ. ನೀರಿನ ಲೆಕ್ಕ ಹಾಕುವಾಗ ಹುಳಿಹಿಟ್ಟಿನೊಳಗೆ ಇರೋ ನೀರನ್ನೂ ಕೂಡಿಸಿಕೊಳ್ಳಿ.